ಗೋಲಿನ ಹಿಂದೆ ನಿಲ್ಲುವ ಸೆಲ್ಲಮ್ಮ

ಬಾಡಿಗೆ ಮನೆ ಕೇಳಿಕೊಂಡು ಹೋದ ಒಂಟಿ ಹುಡುಗಿಗೆ ಮನೆಯೊಡತಿಯರು ಹಾಕುವ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠ. ಯಾವ ಜನ, ಮದುವೆ ಯಾಕಾಗಿಲ್ಲ, ಮಾಂಸ ಬೇಯಿಸುತ್ತೀಯಾ. ಸೆಲ್ಲಮ್ಮ ಇದ್ಯಾವುದನ್ನೂ ಕೇಳಲಿಲ್ಲ. ನನ್ನ ಚೀಲಕ್ಕೆ ಕಟ್ಟಿದ್ದ ಬೂಟು ನೋಡಿ, "ಬಾಲ್ ಆಡ್ತೀಯಾ ಅಮ್ಮಣಿ?" ಎಂದರು. ಹೌದು ಎಂದದ್ದೇ ತಡ, ಮಹಡಿಯ ಬೀಗದ ಕೈ ನನ್ನ ಕೈಗೆ ಬಂತು.

ನಾನು ಜಾಸ್ಮಿನ್, ಬೆಂಗಳೂರಿನ ಆಸ್ಟಿನ್ ಟೌನಿನವಳು. ನಮ್ಮ ಕಡೆ ಮಕ್ಕಳು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಚೆಂಡು ಒದೆಯುತ್ತವೆ. ಪೀಳಮೇಡಿನ ಆಫೀಸೊಂದರ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದೆ. ಯಾವ ಊರಿಗೆ ಹೋದರೂ ಅಲ್ಲಿನ ಮೈದಾನ ನೋಡದೆ ಬಿಡುವವಳಲ್ಲ. ದೊಡ್ಡ ಲೀಗುಗಳು ನನಗೆ ಬೇಡ. ಓಣಿ ತಂಡಗಳು ಒಂದರ ಮೇಲೊಂದು ಬಿದ್ದು ಆಡುವ ಆಟ ಇದೆಯಲ್ಲ, ನನಗೆ ಅದೇ ಆಟ. ಹೀಗಿರುವಾಗ ಐವತ್ತೈದು ದಾಟಿದ ನೇಕಾರರ ಹೆಂಗಸೊಬ್ಬರು, ಹಣೆತುಂಬ ಕುಂಕುಮ, ಕೈತುಂಬ ನೂಲಿನ ಧೂಳು, ಫುಟ್‌ಬಾಲಿನ ಹುಚ್ಚಿನವರು ಎಂದರೆ! ಅಮ್ಮನಿಗೆ ಫೋನ್ ಮಾಡಿ, ನನಗೆ ದೇವರು ಸಿಕ್ಕಿದಳು ಎಂದಿದ್ದೆ.

ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಆ ಬೀದಿಯಲ್ಲಿ ಮನೆಗೊಂದು ಮಗ್ಗ. ತಲೆತಲಾಂತರದಿಂದ ಅಲ್ಲೇ ಇರುವ ಕನ್ನಡದ ಜನ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು. ಕನ್ನಡ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ. ಆದರೆ ಬೈಯಬೇಕಾದರೆ ಕನ್ನಡವೇ ಬೇಕು. ಬೀದಿಯ ತಂಡದ ಹೆಸರು ಸೌಡಮ್ಮನ್ ಬಾಯ್ಸ್. ನಮ್ಮ ಚೌಡೇಶ್ವರಿಯೇ ಅಲ್ಲಿ ಸೌಡಮ್ಮ. ಬೀದಿಯ ಬೆನ್ನಿಗೇ ಪಂಪು ತಯಾರಿಸುವ ವರ್ಕ್‌ಶಾಪುಗಳ ಓಣಿ. ವರ್ಕ್‌ಶಾಪಿಗೆ ತಮಿಳಿನಲ್ಲಿ ಪಟ್ಟರೈ, ಹಾಗಾಗಿ ಅವರ ತಂಡ ಪಟ್ಟರೈ ಎಫ್‌ಸಿ. ವರ್ಷಕ್ಕೊಮ್ಮೆ, ಪೊಂಗಲ್ ಕಳೆದ ಮೇಲೆ, ಇಬ್ಬರಿಗೂ ಆಟ. ಉಳಿದ ದಿನವೆಲ್ಲ ಸಕ್ಕರೆ ಸಾಲ ಕೊಟ್ಟುಕೊಳ್ಳುವ ಜನ ಅಂದು ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಹೋದ ವರ್ಷ ಆಟ ನಡೆದದ್ದು ಮುಚ್ಚಿದ ಗಿರಣಿಯ ಹಿಂದಿನ ಮಣ್ಣು ಬಯಲಿನಲ್ಲಿ. ಬೇಲಿಯಿಲ್ಲ, ಗೇಟಿಲ್ಲ, ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಸೆಲ್ಲಮ್ಮ ನನ್ನನ್ನು ದರದರ ಎಳೆದುಕೊಂಡು ಹೋಗಿ ಪಟ್ಟರೈ ತಂಡದ ಗೋಲಿನ ಹಿಂದೆ, ಎಡಗಂಬದ ಪಕ್ಕ ನಿಂತರು. ಆಟ ಶುರುವಾದದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಗೋಲ್‌ಕೀಪರನ ಮೇಲೆ ಹರಿಹಾಯ್ದರು. ಆ ಕಡೆ ಗೋಲ್‌ಕೀಪರನನ್ನು ಕರೆಯುವುದೇ ಗೋಲಿ ಎಂದು.

"ಏಯ್ ಗೋಲಿ! ಏನೋ ಹಿಂಗೆ ಸೊರಗಿದ್ದೀಯಾ? ನಿಮ್ಮ ಮನೇಲಿ ಅಕ್ಕಿ ಇಲ್ವಾ?"

ನಾನು ಬಿದ್ದು ಬಿದ್ದು ನಕ್ಕೆ. ಅಷ್ಟರಲ್ಲಿ ಬಲಗಂಬದ ಪಕ್ಕ ನಿಂತಿದ್ದ ಒಬ್ಬಳು, ಹಸಿರು ಸೀರೆಯವಳು, ಅದೇ ಗೋಲ್‌ಕೀಪರನ ಮೇಲೆ ಕನ್ನಡದಲ್ಲೇ ಕೂಗಿದಳು.

"ಏಯ್ ಗೋಲಿ! ಜ್ವರ ಬಂದಿತ್ತು, ಈಗ ವಾಸಿಯಾಗಿದೆ ಅಂತ ಹೇಳೋ!"

"ಏಯ್ ಗೋಲಿ! ಜ್ವರ ಬಂದ ಮೇಲೆ ತಲೆಗೆ ನೀರು ಹಾಕ್ಕೊಂಡ್ರೆ ಮತ್ತೆ ಬರುತ್ತೆ ಅಂತ ಗೊತ್ತಿಲ್ವಾ? ಮೆಣಸಿನ ರಸ ಕುಡೀಬೇಕು!"

"ಏಯ್ ಗೋಲಿ! ಕುಡಿದಾಯ್ತು ಅಂತ ಹೇಳು!"

ಆ ಗೋಲ್‌ಕೀಪರ್, ಪಾಪ, ಅಡಕತ್ತರಿಗೆ ಸಿಕ್ಕ ಅಡಕೆ. ಕಪ್ಪಗೆ ಉದ್ದಕ್ಕಿದ್ದ ತಮಿಳು ಹುಡುಗ, ಒಂದಕ್ಷರ ಅರ್ಥವಾಗದೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡುತ್ತಿದ್ದ. ಸುತ್ತಲಿದ್ದ ನಮ್ಮ ಬೀದಿಯವರು ಮಾತ್ರ ನಗಲಿಲ್ಲ. ಎಲ್ಲರೂ ಚೆಂಡನ್ನೇ ನೋಡುತ್ತಿದ್ದರು, ಅಷ್ಟು ಗಮನವಿಟ್ಟು ನೋಡುವಂಥ ಆಟವೇನೂ ಅಲ್ಲಿರಲಿಲ್ಲ. ಆಗ ನನ್ನ ನಗು ನಿಂತಿತು. ಆ ಹಸಿರು ಸೀರೆಯವಳ ಗಲ್ಲ, ಹುಬ್ಬು, ಕೂಗುವಾಗ ಕತ್ತು ಮುಂದೆ ಚಾಚುವ ರೀತಿ, ಎಲ್ಲ ಸೆಲ್ಲಮ್ಮನದೇ.

ಮರುದಿನ ಸೆಲ್ಲಮ್ಮ ಮಗ್ಗದ ಗುಂಡಿಯಲ್ಲಿ ಕೂತು ಲಾಳಿ ಎಸೆಯುತ್ತಲೇ ಎಲ್ಲ ಹೇಳಿದರು. ಅವಳು ತೆನ್‌ಮೊಳಿ, ಒಬ್ಬಳೇ ಮಗಳು. ಆ ಗೋಲಿ, ಕಣ್ಣನ್, ಅವಳ ಗಂಡ. ಬೇರೆ ಜನದ ಹುಡುಗನನ್ನು ಕಟ್ಟಿಕೊಂಡಳೆಂದು ಬೀದಿಯ ಹಿರಿಯರು ಬಂದು ಕೂತರು. ಸೆಲ್ಲಮ್ಮನ ಗಂಡ ರಾಮಸಾಮಿ, ಬದುಕಿದ್ದ ಮಗಳ ಹೆಸರಿಗೆ ಎಳ್ಳು ನೀರು ಬಿಟ್ಟರು. ಆಮೇಲೆ ಹೆಂಡತಿಯ ಕೈ ಹಿಡಿದು ಮಗ್ಗದ ಮೇಲೆ ಇಡಿಸಿ ಆಣೆ ಮಾಡಿಸಿದರು: ಅವಳೊಂದಿಗೆ ಮಾತಿಲ್ಲ, ಅವಳ ಹೊಸ್ತಿಲು ತುಳಿಯುವುದಿಲ್ಲ. ಆ ಬೀದಿಯಲ್ಲಿ ದೇವರ ಮುಂದೆ ಮಾಡಿದ ಆಣೆಗೂ ಏನಾದರೊಂದು ಪರಿಹಾರ ಉಂಟು. ಮಗ್ಗದ ಮೇಲಿನ ಆಣೆಗೆ ಇಲ್ಲ.

"ಆಣೆಯಂತೆ ಆಣೆ!" ಎಂದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು. "ಅಮ್ಮಾ, ಓಣಿ ಪಕ್ಕದಲ್ಲೇ ಇದ್ದಾಳೆ. ಈಗಲೇ ನನ್ನ ಫೋನಲ್ಲಿ ವೀಡಿಯೋ ಹಾಕಿ ಕೊಡ್ತೀನಿ. ಯಾವ ಹಿರಿಯರು ಏನು ಕಿತ್ಕೋತಾರೆ ನೋಡೋಣ!"

ಲಾಳಿ ನಿಂತಿತು.

"ಬೇಡ ಕಣ್ಣು. ಮೊದಲ್ನೇ ವರ್ಸ ಅವಳು ಫೋನ್ ಮಾಡಿದ್ಲು. ತಡ್ಕೊಳ್ಳಕ್ಕಾಗ್ದೆ ಒಂದೇ ಒಂದು ಮಾತು, ನಿನ್ನ ಕರೆಯೋ ಹಾಗೆ 'ಕಣ್ಣು' ಅಂದ್ಬಿಟ್ಟೆ. ಆ ವಾರಾನೇ ಇವರಿಗೆ ಬಲಗೈ ಬಿದ್ದೋಯ್ತು." ಒಳಕೋಣೆಯಲ್ಲಿ ರಾಮಸಾಮಿ ಮಲಗಿದ್ದರು. ಸೆಲ್ಲಮ್ಮ ದನಿ ತಗ್ಗಿಸಿದರು. "ಇನ್ನೊಂದು ಮಾತಾಡಿದ್ರೆ ಇನ್ನೇನು ಹೋಗುತ್ತೋ. ಮಾತಾಡಲ್ಲ ಅಂದಿದ್ದೀನಿ, ಮಾತಾಡಲ್ಲ. ನೋಡಲ್ಲ ಅಂತ ಹೇಳಿಲ್ಲ. ಗೋಲಿಗೆ ಬೈಯಲ್ಲ ಅಂತಾನೂ ಹೇಳಿಲ್ಲ."

ಬಿ.ಪಿ. ಮಾತ್ರೆ ನುಂಗದೆ ಬಂದ ಲಕ್ವಕ್ಕೆ ತಾಯಿಯ ಬಾಯಿಮಾತು ಕಾರಣವೇ ಎಂದು ಜಗಳಕ್ಕೇ ನಿಂತೆ. ಗೋಡೆಗೆ ಹೇಳಿದಂತಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆ ತಾಯಿ ಹುಡುಕಿಕೊಂಡ ದಾರಿ ಅದೊಂದೇ. ಬೇರೆಡೆ ಇಬ್ಬರೂ ಎದುರಾದರೆ ಬೀದಿಗೇ ಸುದ್ದಿ. ಫುಟ್‌ಬಾಲ್ ಬಯಲಿನಲ್ಲಿ ಮಾತ್ರ ಯಾರು ಯಾರಿಗೆ ಬೇಕಾದರೂ ಕೂಗಬಹುದು. ಅದಕ್ಕಾಗಿ ಸೆಲ್ಲಮ್ಮ ಆಫ್‌ಸೈಡ್ ಎಂದರೇನೆಂದು ತಿಳಿಯದೆಯೇ ಫುಟ್‌ಬಾಲ್ ಹುಚ್ಚಿಯಾದರು. ಎರಡೂ ಓಣಿಗಳಲ್ಲಿ ಅವರ ಹೆಸರೇ ಫುಟ್‌ಬಾಲ್ ಸೆಲ್ಲಮ್ಮ. ಪಟ್ಟರೈ ಹುಡುಗರು ಅವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು.

ಈ ವರ್ಷ ಪೊಂಗಲ್ ಮುಗಿಯುವಷ್ಟರಲ್ಲಿ ಒಂದರ ಹಿಂದೆ ಒಂದು ಎರಡು ಸುದ್ದಿ ಬಂದವು. ಗಿರಣಿಯ ಬಯಲಿಗೆ ಬೇಲಿ ಬಿತ್ತು, ಅಲ್ಲಿ ಅಪಾರ್ಟ್‌ಮೆಂಟು ಏಳುತ್ತದಂತೆ. ಆಟ ಏರ್‌ಪೋರ್ಟಿನ ಆಚೆಯ ಹೊಸ ಮೈದಾನದಲ್ಲಿ. ಇನ್ನೊಂದು ಸುದ್ದಿಯನ್ನು ಎರಡೂ ಓಣಿಗೆ ಹೂವು ಹಾಕುವ ಸಾಮಿಯಾತಾಳ್ ತಂದಳು. ಮೊಳ ಅಳೆಯುತ್ತಾ, ಸೆಲ್ಲಮ್ಮನ ಮುಖ ನೋಡದೆ ಹೇಳಿದಳು: ಕಣ್ಣನ್‌ಗೆ ರಾಜಕೋಟಿನ ಪಂಪು ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಮ್ಯಾಚು ಮುಗಿದ ಮೇಲೆ ಸಂಸಾರ ಸಮೇತ ಹೋಗುತ್ತಾರೆ, ಇನ್ನು ಈ ಕಡೆಗೆ ಬರುವುದಿಲ್ಲ.

"ರಾಜಕೋಟ್ ಅಂದ್ರೆ ತಿರುಪ್ಪೂರಿಗಿಂತ ದೂರವಾ ಅಮ್ಮಣಿ?" ಎಂದು ಸೆಲ್ಲಮ್ಮ ನನ್ನನ್ನು ಕೇಳಿದರು. ಗುಜರಾತಿನಲ್ಲಿದೆ, ರೈಲಿನಲ್ಲಿ ಎರಡು ದಿನ ಎಂದೆ. ಅವರು ಆ ಹೂವನ್ನು ಮುಡಿಯಲೂ ಇಲ್ಲ, ದೇವರಿಗೆ ಏರಿಸಲೂ ಇಲ್ಲ. ಅದು ನೀರಿನ ಕೊಡದ ಮೇಲೆಯೇ ಬಾಡಿಹೋಯಿತು.

ಆಟದ ದಿನ ನೀಲಿ ಸೀರೆ ಉಟ್ಟರು. ನೀಲಿ ನಮ್ಮ ತಂಡದ ಬಣ್ಣ. ಬಸ್ಸಿನುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಏನಮ್ಮಾ ಎಂದರೆ, "ಬೈಯೋದನ್ನ ಜೋಡಿಸ್ಕೋತಿದ್ದೀನಿ. ಒಂದು ಮ್ಯಾಚಲ್ಲಿ ಎಲ್ಲಾ ಹೇಳ್ಬೇಕಲ್ಲ" ಎಂದರು.

ಹೊಸ ಮೈದಾನ ನೋಡಿ ಬೇರೆ ದಿನವಾಗಿದ್ದರೆ ನಾನು ಕುಣಿಯುತ್ತಿದ್ದೆ. ಹಸಿರು ಹುಲ್ಲು, ಗೀಟೆಳೆದಂತೆ ಸುಣ್ಣದ ಗೆರೆ, ಗೋಲಿಗೆ ಹೊಸ ಬಲೆ, ಎರಡು ಬದಿಗೂ ಸಿಮೆಂಟಿನ ಗ್ಯಾಲರಿ. ಆದರೆ ಸುತ್ತಲೂ ಆಳೆತ್ತರದ ತಂತಿ ಬೇಲಿ. ನೀಲಿಯವರಿಗೊಂದು ಗೇಟು, ಹಳದಿಯವರಿಗೊಂದು ಗೇಟು. ಹೋದ ವರ್ಷ ಆಟದ ಕೊನೆಗೆ ಹುಡುಗರು ಹೊಡೆದಾಡಿದ್ದಕ್ಕೆ ಈ ಏರ್ಪಾಡು. ಒಂದು ಗ್ಯಾಲರಿಯಿಂದ ಇನ್ನೊಂದು ಗ್ಯಾಲರಿಗೆ ದಾರಿಯೇ ಇಲ್ಲ. ನಡುವೆ ಇಡೀ ಮೈದಾನ. ಆಚೆ ಬದಿಯಲ್ಲಿ ಕೂತವರು ಹಳದಿ ಚುಕ್ಕೆಗಳ ಹಾಗೆ ಕಾಣುತ್ತಿದ್ದರು.

"ಎಲ್ಲಿದ್ದಾಳೆ ನೋಡು ಕಣ್ಣು. ನಿನ್ನ ಕಣ್ಣು ಎಳೇದು."

ನೋಡಿದೆ. ಫೋನಿನ ಕ್ಯಾಮೆರಾ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮುಖಗಳೆಲ್ಲ ಹಿಟ್ಟು ಕಲಸಿದಂತೆ. ಕಣ್ಣನ್ ನಿಂತಿದ್ದ ಗೋಲು ಮೈದಾನದ ಆ ತುದಿಯಲ್ಲಿತ್ತು. ಸೆಲ್ಲಮ್ಮ ಒಮ್ಮೆ, "ಏಯ್ ಗೋಲೀ!" ಎಂದು ಕಿರುಚಿದರು. ಆ ಕೂಗು ಲೌಡ್‌ಸ್ಪೀಕರಿನ ಗದ್ದಲದಲ್ಲಿ ನಮ್ಮ ಪಕ್ಕದ ಸಾಲಿಗೂ ಮುಟ್ಟಲಿಲ್ಲ. ಅವರು ನನ್ನ ಕಡೆ ತಿರುಗಿದರು. ಆ ಮುಖ ನೋಡಲಾರದೆ ನಾನು ಎದ್ದೆ.

"ಬನ್ನಿ. ಹಳದಿ ಗೇಟಿಗೆ ಹೋಗೋಣ."

ಹೊರಗಿನಿಂದ ಸುತ್ತು ಹಾಕಿ ಓಡಿದೆವು. ನನ್ನ ಹಳದಿ ದುಪಟ್ಟಾವನ್ನು ಅವರ ನೀಲಿ ಸೀರೆಯ ಮೇಲೆ ಹೊದಿಸಿದೆ. ಗೇಟಿನಲ್ಲಿ ನಿಂತಿದ್ದವನು ಇಳಂಗೋ, ಪಟ್ಟರೈ ತಂಡದ ಹುಡುಗ. ಒಂದು ಕ್ಷಣ ನೋಡಿದ, ಅಷ್ಟೇ.

"ಅಯ್ಯೋ, ಫುಟ್‌ಬಾಲ್ ಸೆಲ್ಲಮ್ಮ!" ತಮಿಳಿನಲ್ಲಿ ಕೂಗಿ ನಾಲ್ಕು ಜನರನ್ನು ಕರೆದ. "ಐದು ವರ್ಷದಿಂದ ನಮ್ಮ ಗೋಲಿಯನ್ನು ಬೈದು ಬೈದು ಸಾಯಿಸ್ತಿರೋರು ಇವರೇ. ಇವತ್ತು ನಮ್ಮ ಗ್ಯಾಲರಿಯಲ್ಲೇ ಕೂತು ಬೈಯೋ ಪ್ಲಾನಾ? ಹೋಗಿ ಅಮ್ಮಾ, ಹೋಗಿ."

"ಇವರ ಮಗಳು ಒಳಗಿದ್ದಾಳೆ ಕಣೋ!" ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು. ಸೆಲ್ಲಮ್ಮ ನನ್ನ ಕೈಯನ್ನು ಎಲುಬು ಮುರಿಯುವಂತೆ ಹಿಸುಕಿದರು. ಮಗಳಿಗಾಗಿ ಬಂದರೆಂದು ಬಾಯಿಬಿಟ್ಟರೆ ಬೀದಿಗೇ ಸುದ್ದಿ. ಬೇರೇನು ಹೇಳಿ ಗೇಟು ತೆಗೆಸಲಿ? ಟಿಕೆಟ್ಟು ಕೊಳ್ಳುತ್ತೇನೆಂದೆ, ಬೇಡಿಕೊಂಡೆ, ಕೊನೆಗೆ ನನಗೆ ಗೊತ್ತಿದ್ದ ತಮಿಳು ಬೈಗುಳ ಎಲ್ಲ ಖರ್ಚು ಮಾಡಿದೆ. ಅವರು ಇನ್ನಷ್ಟು ನಕ್ಕರು. ಯಾವ ಹೆಸರು ಇಷ್ಟು ವರ್ಷ ಆ ತಾಯಿಯನ್ನು ಮಗಳ ಹತ್ತಿರ ತಂದು ನಿಲ್ಲಿಸುತ್ತಿತ್ತೋ ಅದೇ ಹೆಸರು ಈಗ ಅಡ್ಡ ನಿಂತಿತು. ಥೂ, ಅವರ ಹಣೆಬರಹವೇ!

ನೀಲಿ ಗೇಟಿಗೆ ಮರಳುವಷ್ಟರಲ್ಲಿ ಅರ್ಧ ಆಟ ಮುಗಿದಿತ್ತು. ಸೆಲ್ಲಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು.

"ಹೋಗ್ಲಿ ಬಿಡು ಅಮ್ಮಣಿ. ಅವಳು ಬಂದಿರ್ತಾಳೆ. ನಾ ಬಂದಿಲ್ಲ ಅಂತ ಅಂದ್ಕೊಂಡು ಹೋಗ್ತಾಳೆ." ಮಂಡಿಯ ಮೇಲೆ ಹಣೆಯಿಟ್ಟರು. "ಅಮ್ಮ ಕೊನೇಗೂ ಬರ್ಲಿಲ್ಲ ಅಂತ ಅಂದ್ಕೊಂಡು ಹೋಗ್ತಾಳೆ ಕಣ್ಣು."

ಆಗ ನನ್ನ ಮಂಕು ತಲೆಗೆ ಹೊಳೆಯಿತು. ಅರ್ಧ ಆಟದ ಮೇಲೆ ತಂಡಗಳು ಬದಿ ಬದಲಿಸುತ್ತವೆ! ಕಣ್ಣನ್ ಈಗ ನಮ್ಮ ಕಡೆಯ ಗೋಲಿಗೆ ಬರುತ್ತಾನೆ. ಸೆಲ್ಲಮ್ಮನನ್ನು ಎಬ್ಬಿಸಿ, ಗ್ಯಾಲರಿಯ ಮೂಲೆಯಿಂದ ಇಳಿಸಿ, ಗೋಲಿನ ಹಿಂದಿನ ಬೇಲಿಗೆ ತಂದು ನಿಲ್ಲಿಸಿದೆ. ಬೇಲಿಗೂ ಬಲೆಗೂ ನಡುವೆ ನಾಲ್ಕು ಹೆಜ್ಜೆ ಹುಲ್ಲು. ಸ್ವಲ್ಪ ಹೊತ್ತಿಗೆ ಕಣ್ಣನ್ ಕೈಗವಸು ಸರಿಪಡಿಸಿಕೊಳ್ಳುತ್ತಾ ಬಂದು, ನಮಗೆ ಬೆನ್ನು ಹಾಕಿ ನಿಂತ.

"ಏಯ್ ಗೋಲಿ! ನಿನ್ನ ಹೆಂಡತಿ ಎಲ್ಲೋ? ಎಲ್ಲಿ ಕೂತಿದ್ದಾಳೋ?"

ಕೇಳಿಸಲಿಲ್ಲ. ನಮ್ಮ ಹುಡುಗರು ಡೋಲು ತಂದಿದ್ದರು. ಸೆಲ್ಲಮ್ಮ ಮತ್ತೆ ಕೂಗಿದರು, ಮತ್ತೆ ಮತ್ತೆ ಕೂಗಿದರು, ಕೂಗಿ ಕೂಗಿ ಗಂಟಲು ಒಡೆಯಿತು. ನಮ್ಮ ಬೀದಿಯ ಸೆಂದಿಲ್ ಎಂಬುವನು, "ಹಾಕು ಸೆಲ್ಲಕ್ಕಾ, ಇನ್ನೂ ಹಾಕು!" ಎಂದು ಹುರಿದುಂಬಿಸುತ್ತಿದ್ದ. ಆಟ ಹತ್ತೇ ನಿಮಿಷ ಉಳಿದಿತ್ತು, ಇನ್ನೂ ಯಾರಿಗೂ ಗೋಲಿಲ್ಲ. ಸೆಲ್ಲಮ್ಮ ಎರಡೂ ಕೈಯಿಂದ ತಂತಿ ಹಿಡಿದರು. ಒಮ್ಮೆ ಹಿಂತಿರುಗಿ ಇಡೀ ಬೀದಿಯನ್ನು ನೋಡಿದರು. ಮಗಳಿಗೆ ಎಳ್ಳು ನೀರು ಬಿಡಿಸಿದ ಹಿರಿಯರೂ ಅಲ್ಲೇ ಕೂತಿದ್ದರು. ಮತ್ತೆ ಮುಂದೆ ತಿರುಗಿ, ಈ ಸಲ ತಮಿಳಿನಲ್ಲಿ, ಆ ಹರಿದ ಗಂಟಲಿನಲ್ಲಿ ಕೂಗಿದರು.

"ಮಾಪ್ಳೇ! ಇಂಗೆ ಪಾರುಂಗೋ ಮಾಪ್ಳೇ!"

ಅಳಿಯಂದಿರೇ, ಇಲ್ಲಿ ನೋಡಿ, ಎಂದು. ಡೋಲು ನಿಂತಿತು.

ಕಣ್ಣನ್ ತಿರುಗಿದ. ಮದುವೆಯಾದಂದಿನಿಂದ ಆ ಮನೆಯವರು ಯಾರೂ ಕರೆಯದ ಆ ಮಾತಿಗೆ ಪೂರ್ತಿ ಮೈ ತಿರುಗಿಸಿ ನಿಂತುಬಿಟ್ಟ. ಅದೇ ಗಳಿಗೆಗೆ ನಮ್ಮ ಹುಡುಗ ದೂರದಿಂದ ಒದ್ದ ಚೆಂಡು ಅವನ ಪಕ್ಕದಲ್ಲೇ ಹಾದು ಬಲೆಗೆ ಬಿತ್ತು.

ನಮ್ಮ ಬೀದಿ ಹುಚ್ಚೆದ್ದಿತು. "ಸೆಲ್ಲಕ್ಕಾ! ಏನ್ ಐಡಿಯಾ ಸೆಲ್ಲಕ್ಕಾ! ಮಾಪ್ಳೆ ಅಂತ ಕರೆದು ಗೋಲು ಹೊಡಿಸಿದ್ಯಲ್ಲಾ!" ಎಂದು ಸೆಂದಿಲ್ ಕುಣಿದ. ಯಾರೋ ಅವರ ತಲೆಯ ಮೇಲೆ ಕಾಗದದ ಚೂರು ಎರಚಿದರು. ಮೈದಾನದಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದರು. ಹಿರಿಯರ ಸಾಲಿನಿಂದ ಮಾತ್ರ ಯಾರೂ ಏಳಲಿಲ್ಲ.

ಕಣ್ಣನ್ ಬಲೆಯೊಳಗಿನ ಚೆಂಡು ಎತ್ತಿಕೊಂಡವನು, ಅದನ್ನು ಕಂಕುಳಲ್ಲಿ ಹಿಡಿದು ನೇರ ಬೇಲಿಗೆ ಬಂದ.

"ಅತ್ತೆ," ಎಂದ, ತಮಿಳಿನಲ್ಲಿ. "ಅವಳು ಇಲ್ಲಿಲ್ಲ. ಹೋಗಿ ಎಂಟು ದಿನವಾಯ್ತು. ಐದು ತಿಂಗಳಾಗಿದೆ ಅವಳಿಗೆ, ತಡ ಮಾಡಿದರೆ ಪ್ರಯಾಣ ಕಷ್ಟ ಅಂತ ನಮ್ಮಮ್ಮನ ಜೊತೆ ಮುಂಚೆಯೇ ಕಳಿಸಿದೆ."

ಐದು ತಿಂಗಳು. ಸೆಲ್ಲಮ್ಮ ಹಣೆಯನ್ನು ತಂತಿಗೆ ಒತ್ತಿದರು.

"ನಾನು ಈ ಮ್ಯಾಚಿಗಂತಲೇ ಉಳಿದೆ. ನಾಳೆ ರೈಲು. ಅಮ್ಮ ಬಂದೇ ಬರ್ತಾಳೆ, ಏನು ಬೈತಾಳೋ ಕೇಳಿಕೊಂಡು ಬಾ ಅಂತ ತೆನ್‌ಮೊಳಿ ಅಂದಿದ್ದಾಳೆ. ಪ್ರತಿ ವರ್ಷ ಮನೆಗೆ ಹೋದ ಮೇಲೆ ನೀವು ಕೂಗಿದ್ದನ್ನೆಲ್ಲ ಅವಳು ನನಗೆ ಹೇಳ್ತಾಳೆ, ಹೇಳ್ತಾ ಹೇಳ್ತಾ ಅಳ್ತಾಳೆ. ನಿಮ್ಮ ಭಾಷೆ ನನಗೆ ಬರೋದಿಲ್ಲ ಅತ್ತೆ. ಸಣ್ಣದಾಗಿ ಏನಾದರೂ ಹೇಳಿ. ನಿಮ್ಮ ಭಾಷೆಯಲ್ಲೇ ಹೇಳಿ. ಹಾಗೇ ತಗೊಂಡು ಹೋಗ್ತೀನಿ."

ನಾನು ಫೋನ್ ಎತ್ತಿ ಅವರ ಬಾಯಿಯ ಹತ್ತಿರ ಹಿಡಿದೆ, ದನಿಯನ್ನೇ ಕಳಿಸೋಣ ಎಂದು. ಸೆಲ್ಲಮ್ಮ ಅದನ್ನು ತಳ್ಳಿದರು. ಫೋನಿಗೆ ಹೇಳಿದರೆ ಮಗಳಿಗೆ ಹೇಳಿದಂತೆ. ಗೋಲಿಗೆ ಹೇಳಬಹುದು. ಆ ಹೊತ್ತಿನಲ್ಲೂ ಒಳಕೋಣೆಯಲ್ಲಿ ಮಲಗಿದವರ ಇನ್ನೊಂದು ಕೈಯನ್ನು ಅವರು ಕಾಯುತ್ತಿದ್ದರು.

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ! ರೆಫರಿ ಸೀಟಿ ಊದಿ ಚೆಂಡು ಕೇಳುತ್ತಿದ್ದ. ಪಟ್ಟರೈ ಹುಡುಗರು ಕಣ್ಣನ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಾ ಓಡಿಬರುತ್ತಿದ್ದರು.

"ಬೇಗ ಹೇಳಮ್ಮಾ!" ಎಂದು ನಾನು ಅಳುತ್ತಾ ಗದರಿದೆ.

ಸೆಲ್ಲಮ್ಮ ತಂತಿಯ ಸಂದಿಯಿಂದ ಎರಡು ಬೆರಳು ಚಾಚಿ ಅವನ ಕೈಗವಸು ಮುಟ್ಟಿದರು.

"ಅಮ್ಮ ಬಂದಿದ್ಲು," ಎಂದರು. "ಅಷ್ಟೇ ಸಾಮಿ. ಅಮ್ಮ ಬಂದಿದ್ಲು."

"ಅಮ್ಮ ಬಂದಿದ್ಲು," ಎಂದು ಕಣ್ಣನ್ ಒಪ್ಪಿಸಿದ. ಇನ್ನೊಮ್ಮೆ ಹೇಳಿದ. ಚೆಂಡು ಎಸೆದು ಗೋಲಿಗೆ ಹಿಂದಿರುಗಿದ.

ಆಟ ಮತ್ತೆ ಶುರುವಾಯಿತು. ನಮ್ಮ ಹುಡುಗರು ಹುರುಪಿನಿಂದ ನುಗ್ಗಿ ಬಂದರು. ಕಣ್ಣನ್ ಎರಡು ಕಂಬಗಳ ನಡುವೆ ಕಂಬದಂತೆಯೇ ನಿಂತಿದ್ದ. ಎರಡನೇ ಗೋಲೂ ಹೋಯಿತು. ಅವನು ಅದಕ್ಕೆ ಕೈಯನ್ನೂ ಎತ್ತಲಿಲ್ಲ. ಚೆಂಡು ತೆಗೆಯಲು ಬಲೆಯೊಳಗೆ ಬಗ್ಗಿದಾಗ ನನಗೆ ಅವನ ಮುಖ ಕಂಡಿತು. ಕಣ್ಣು ಮುಚ್ಚಿದ್ದ. ಮಗ್ಗಿ ಬಾಯಿಪಾಠ ಮಾಡುವ ಹುಡುಗರಂತೆ ತುಟಿ ಅಲುಗುತ್ತಿತ್ತು. ಬೇಲಿಯ ಈಚೆಯಿಂದ ಸೆಲ್ಲಮ್ಮನೂ ಅವನ ಜೊತೆಗೆ, ಅವನು ಎಲ್ಲಾದರೂ ತಪ್ಪಿದರೆ ತಿದ್ದಲು, ಅದೇ ಎರಡು ಮಾತನ್ನು ಹೇಳುತ್ತಲೇ ಇದ್ದರು.